ಮುಂಬಯಿಯಿಂದ ಸಲಾಲಾಕ್ಕೆ: ಟ್ಯಾಂಕರ್ ಹಡಗಿನಲ್ಲಿ ಏಳು ದಿನ

2009ರ ಮೇ ತಿಂಗಳ ಕೊನೆ. ರಜೆ ಮುಗಿಸಿ ಕಾರವಾರದಲ್ಲಿ ಮತ್ಸ್ಯಗಂಧಾ ರೈಲು ಹತ್ತಿದಾಗ ನನ್ನ ಬಟ್ಟೆಯ ಚೀಲಕ್ಕಿಂತ ಭಾರದ ಒಂದು ಮರದ ಪೆಟ್ಟಿಗೆ ಜೊತೆಗಿತ್ತು. ಒಳಗೆ ಒಣಹುಲ್ಲಿನ ನಡುವೆ ನಲವತ್ತು ಕರಿ ಇಶಾಡ, ನಮ್ಮ ಅಂಕೋಲೆ ಸೀಮೆಯ ಮಾವು. ಅದರ ಸಿಪ್ಪೆ ಎಷ್ಟು ತೆಳುವೆಂದರೆ ಇಂದು ಬೆರಳು ಒತ್ತಿದರೆ ನಾಳೆ ಅಲ್ಲಿ ಕಪ್ಪು ಮೂಡುತ್ತದೆ. ಹಣ್ಣಾದ ಮೇಲೆ ಎರಡು ದಿನ ತಡೆಯುವುದು ಕಷ್ಟ. ಆಯಿ ಲೆಕ್ಕ ಹಾಕಿ, ದೋರೆಗಾಯಿಗಳನ್ನೇ ಆರಿಸಿ ತುಂಬಿದ್ದಳು. "ಐದನೇ ದಿನ ಹಣ್ಣಾಗ್ತದೆ. ಅಷ್ಟರೊಳಗೆ ಅವನಿಗೆ ಮುಟ್ಟಿಸು" ಅಂದಿದ್ದಳು.

'ಅವನು' ಎಂದರೆ ಕುಮಟೆಯ ಹುಡುಗ. ಹಡಗಿನಲ್ಲಿ ನಮಗೆ ಊರಿನ ಹೆಸರೇ ಹೆಸರು. ನಾನು ಅಂಕೋಲಾ, ಅವನು ಕುಮಟಾ. ಮೊದಲು ನನ್ನ ಕೈಕೆಳಗೆ ಹಗ್ಗದ ಕೆಲಸ ಕಲಿತವನು. ಈಗ ಯೆಮೆನ್, ಸೊಮಾಲಿಯಾ ನಡುವಿನ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲಿಗೆ ಹೋದ ಒಂದು ಯುದ್ಧಹಡಗು, ಫ್ರಿಗೇಟ್‌ನಲ್ಲಿದ್ದ. ನಮ್ಮ ನೌಕಾಪಡೆ ಅಲ್ಲಿ ಕಾವಲು ಶುರುಮಾಡಿದ್ದು 2008ರ ಅಕ್ಟೋಬರಿನಲ್ಲಿ. ಅವನ ಹಡಗು ಹೋಗಿ ವಾರಗಳೇ ಕಳೆದಿದ್ದವು. ಆ ಹಡಗಿಗೆ ನಡುಗಡಲಲ್ಲೇ ಎಣ್ಣೆ, ನೀರು, ತರಕಾರಿ ಒಯ್ದು ಕೊಡುವುದು ನಮ್ಮ ಟ್ಯಾಂಕರಿನ ಕೆಲಸ. ನಾನು ಅದರ ಡೆಕ್ಕಿನಲ್ಲಿ ಚೀಫ್ ಪೆಟ್ಟಿ ಆಫೀಸರ್. ಆಗ ಬರೆದಿಟ್ಟ ಡೈರಿ ಇನ್ನೂ ನನ್ನ ಹತ್ತಿರ ಇದೆ. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ

ಹಡಗು ಹತ್ತುವ ಮುಂಚೆ ಧಕ್ಕೆಯ ಮೇಲೆ ನಿಂತು ಹಡಗಿನ ಮುಂಭಾಗದ ಅಂಕೆಗಳನ್ನು ನೋಡುವುದು ನನ್ನ ಅಭ್ಯಾಸ. ಹಡಗು ನೀರಿನಲ್ಲಿ ಎಷ್ಟು ಇಳಿದಿದೆ ಎಂದು ತೋರಿಸುವ ಅಂಕೆಗಳವು. ಆ ದಿನ ಕೆಳಗಿನ ಕೆಂಪು ಬಣ್ಣದ ಪಟ್ಟಿ ಕಾಣಿಸುತ್ತಲೇ ಇರಲಿಲ್ಲ. ಹೊಟ್ಟೆ ತುಂಬ ಡೀಸೆಲ್, ಹೆಲಿಕಾಪ್ಟರಿಗೆ ಬೇಕಾದ ವಿಮಾನದ ಎಣ್ಣೆ, ಸಿಹಿನೀರು. ಮೇಲೆ ಅಕ್ಕಿ, ಗೋಧಿಹಿಟ್ಟು, ಬೇಳೆ, ಈರುಳ್ಳಿ, ಯಂತ್ರದ ಬಿಡಿಭಾಗ, ಔಷಧಿ, ಅಂಚೆಯ ಚೀಲಗಳು.

ನೌಕಾಪಡೆಯ ಡೀಸೆಲ್ ಪೆಟ್ರೋಲ್ ಬಂಕಿನ ಡೀಸೆಲ್ ಅಲ್ಲ. 60 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಅದರ ಆವಿಗೆ ಬೆಂಕಿ ಹತ್ತಬಾರದು ಎಂದು ಬೇರೆಯಾಗಿ ತಯಾರಿಸಿದ್ದು. ಹಡಗಿನಲ್ಲಿ ಬೆಂಕಿ ಎದ್ದರೆ ಓಡಿಹೋಗಲು ಅಂಗಳವಿಲ್ಲ, ಬೀದಿಯಿಲ್ಲ.

ಆಗ ನಮ್ಮಲ್ಲಿ ಇಂಥ ದೊಡ್ಡ ಟ್ಯಾಂಕರುಗಳು ತೀರ ಕಡಿಮೆ. 'ಜ್ಯೋತಿ' ರಷ್ಯಾದಲ್ಲಿ ಕಟ್ಟಿ 1996ರಲ್ಲಿ ಸೇರಿದ್ದು, 'ಆದಿತ್ಯ' ಕೋಲ್ಕತ್ತಾದಲ್ಲಿ ಕಟ್ಟಿ 2000ದಲ್ಲಿ ಸೇರಿದ್ದು. ಇಟಲಿಯಲ್ಲಿ ಕಟ್ಟಿಸಿದ ಈಗಿನ 'ದೀಪಕ್', 'ಶಕ್ತಿ' ಬಂದದ್ದು 2011ರಲ್ಲಿ. ಯುದ್ಧನೌಕೆ ನೋಡಲು ಬಂದ ಶಾಲೆಯ ಮಕ್ಕಳು ತೋಪು, ಕ್ಷಿಪಣಿ ಇರುವ ಹಡಗುಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಟ್ಯಾಂಕರ್ ಮುಂದೆ ಯಾರೂ ನಿಲ್ಲುವುದಿಲ್ಲ. ಅದು ನನಗೆ ಪ್ರತಿ ಸಲವೂ ಬೇಸರದ ಸಂಗತಿಯೇ.

ಮಾವಿನ ಪೆಟ್ಟಿಗೆಯನ್ನು ಬಟಾಟೆಯ ಸ್ಟೋರಿನಲ್ಲಿ, ಗಾಳಿ ಆಡುವ ಕಡೆ ಇಟ್ಟೆ. ತಣ್ಣನೆಯ ಕೋಣೆಯಲ್ಲಿಟ್ಟರೆ ಹಣ್ಣಾಗುವುದೇ ಇಲ್ಲ. ಸಂಜೆ ಹಗ್ಗ ಬಿಚ್ಚಿದೆವು.

ಎರಡನೇ ದಿನ

ನಮ್ಮ ಜೊತೆ ಎರಡು ಯುದ್ಧಹಡಗುಗಳು. ಹುಡುಗರು ರಾಟೆಗಳಿಗೆ ಗ್ರೀಸ್ ಹಾಕಿದರು, ತಂತಿಹಗ್ಗಗಳನ್ನು ಅಂಗುಲ ಅಂಗುಲವಾಗಿ ನೋಡಿದರು. ತಂತಿಯ ಒಂದು ಎಳೆ ಮುರಿದು ಮೇಲೆದ್ದಿದ್ದರೂ ಅದು ಕೈಗವಸು ಸೀಳಿ ಅಂಗೈಗೆ ಇಳಿಯುತ್ತದೆ.

ಹೊಸದಾಗಿ ಬಂದ ಹುಡುಗನೊಬ್ಬ ಕೇಳಿದ: "ಚೀಫ್, ಯುದ್ಧಹಡಗಿನ ಟ್ಯಾಂಕ್ ಅಷ್ಟು ದೊಡ್ಡದಿರ್ತದಲ್ಲ, ನಾವು ಯಾಕೆ ಜೊತೆಗೆ ಹೋಗ್ಬೇಕು?" ಅವನಿಗೆ ತಲ್ವಾರ್ ವರ್ಗದ ಫ್ರಿಗೇಟಿನ ಲೆಕ್ಕ ಹೇಳಿದೆ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್. 14 ನಾಟ್ ವೇಗದಲ್ಲಿ ನಿಧಾನವಾಗಿ ಹೋದರೆ ಅದು ಸುಮಾರು 4,850 ನಾಟಿಕಲ್ ಮೈಲಿ ಹೋಗುತ್ತದೆ. ಅದೇ ಹಡಗು 30 ನಾಟ್‌ನಲ್ಲಿ ಓಡಿದರೆ 1,600ಕ್ಕೇ ಎಣ್ಣೆ ಮುಗಿಯಿತು. ವೇಗ ಎರಡು ಪಟ್ಟಾದರೆ ದಾರಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಳ್ಳರ ದೋಣಿ ಬೆನ್ನಟ್ಟುವವನು ನಿಧಾನವಾಗಿ ಹೋಗಲಾರ. ಎಣ್ಣೆಗಾಗಿ ಬಂದರಿಗೆ ಹೋದರೆ ಹೋಗಿ ಬರುವ ದಿನಗಳಷ್ಟೂ ಕಾವಲು ಖಾಲಿ. ಅವನು ಅಲ್ಲಿಯೇ ಇರಬೇಕೆಂದರೆ ಬಂದರೇ ಅವನ ಬಳಿಗೆ ಹೋಗಬೇಕು. ಆ ಬಂದರು ನಾವು.

1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಬಿದ್ದ ಕ್ಷಿಪಣಿ ದೋಣಿಗಳ ಹೆಸರು ಎಲ್ಲರಿಗೂ ಗೊತ್ತು: ನಿಪಾತ್, ನಿರ್ಘಾತ್, ವೀರ್. ಅವು ದೂರ ಹೋಗಬಲ್ಲ ದೋಣಿಗಳಲ್ಲ. ಆ ದಂಡಿನಲ್ಲಿ 'ಪೋಷಕ್' ಎಂಬ ಟ್ಯಾಂಕರ್ ಕೂಡ ಇತ್ತು ಎಂಬುದನ್ನು ಎಷ್ಟು ಜನ ಹೇಳುತ್ತಾರೆ? 2006ರ ಜುಲೈಯಲ್ಲಿ ಲೆಬನಾನಿನ ಯುದ್ಧದಿಂದ 2,280 ಜನರನ್ನು ಕರೆತಂದ ನಾಲ್ಕು ಹಡಗುಗಳಲ್ಲಿ ಮೂರು ಯುದ್ಧನೌಕೆ, ನಾಲ್ಕನೆಯದು ಹಳೆಯ 'ಶಕ್ತಿ' ಟ್ಯಾಂಕರ್. ಆ ಹುಡುಗ ಇದನ್ನೆಲ್ಲ ಬಾಯಿಬಿಟ್ಟು ಕೇಳಿದ. ಮರುದಿನ ಅವನೇ ಎಲ್ಲರಿಗಿಂತ ಮೊದಲು ಡೆಕ್ಕಿಗೆ ಬಂದ.

ಮೂರನೇ ದಿನ

ಬೆಳಗಿನ 5ಕ್ಕೆ ಪೈಪ್ ಆಯಿತು, ಎಲ್ಲರೂ ಡೆಕ್ಕಿಗೆ ಬರಬೇಕೆಂಬ ಕರೆ. ಆ ದಿನದ ಕೆಲಸಕ್ಕೆ ನಾವು 'ರಾಸ್' ಎನ್ನುತ್ತೇವೆ. ಎರಡು ಹಡಗುಗಳು ನಿಲ್ಲದೆ, ಪಕ್ಕಪಕ್ಕದಲ್ಲೇ ಹೋಗುತ್ತ, ಒಂದರಿಂದ ಇನ್ನೊಂದಕ್ಕೆ ಕೊಡುವ ಕೆಲಸ. ನಿಂತು ಕೊಟ್ಟರೆ ಸುಲಭವಲ್ಲವೇ ಎಂದು ಊರಿನಲ್ಲಿ ಕೇಳುತ್ತಾರೆ. ನಿಂತ ಹಡಗು ಅಲೆಯ ಕೈಗೊಂಬೆ. ಅದು ತೂಗುತ್ತದೆ, ತಿರುಗುತ್ತದೆ, ಪಕ್ಕದ್ದಕ್ಕೆ ಬಡಿಯುತ್ತದೆ. ಚುಕ್ಕಾಣಿ ಮಾತು ಕೇಳಬೇಕಾದರೆ ಅದರ ಮೇಲೆ ನೀರು ಹರಿಯುತ್ತಿರಬೇಕು.

ಹುಡುಗರನ್ನು ಸಾಲಾಗಿ ನಿಲ್ಲಿಸಿ ಪ್ರತಿ ಸಲ ಹೇಳುವುದನ್ನೇ ಮತ್ತೆ ಹೇಳಿದೆ. ಉಂಗುರ, ಗಡಿಯಾರ ತೆಗೆದಿಡಿ. ಹಗ್ಗದ ಸುರುಳಿಯೊಳಗೆ ಕಾಲಿಡಬೇಡಿ. ಬಿಗಿದ ತಂತಿಗೆ ಬೆನ್ನು ಕೊಡಬೇಡಿ. ಲೈಫ್ ಜಾಕೆಟ್, ಹೆಲ್ಮೆಟ್ ಕಟ್ಟಿಕೊಳ್ಳಿ.

ನಮ್ಮ ಹಡಗು 12 ನಾಟ್‌ಗೆ ಬಂತು, ಗಂಟೆಗೆ ಸುಮಾರು 22 ಕಿಲೋಮೀಟರ್. ಅಲ್ಲಿಂದ ಮುಂದೆ ಟ್ಯಾಂಕರಿನ ಧರ್ಮ ಒಂದೇ, ಗೆರೆ ಎಳೆದಂತೆ ನೇರ ಹೋಗುವುದು. ನಮ್ಮ ಕಂಬದ ಮೇಲೆ ಕಪ್ಪು ಗುಂಡು, ನಡುವೆ ವಜ್ರದಾಕಾರ, ಕೆಳಗೆ ಮತ್ತೊಂದು ಗುಂಡು ಏರಿದವು. 'ನಾವು ದಾರಿ ಬಿಡಲಾರೆವು, ನೀವೇ ದೂರ ಹೋಗಿ' ಎಂದು ಉಳಿದ ಹಡಗುಗಳಿಗೆ ಹೇಳುವ ಗುರುತು ಅದು. ಕೆಂಪಿನ ಮೇಲೆ ಹಳದಿ ಶಿಲುಬೆಯ ರೋಮಿಯೋ ಬಾವುಟ ಅರ್ಧಕ್ಕೆ ಏರಿತು, ನಾವು ಸಿದ್ಧವಾದಾಗ ತುದಿಗೆ. ಹಿಂದಿನ ಫ್ರಿಗೇಟ್ ತನ್ನ ರೋಮಿಯೋವನ್ನೂ ತುದಿಗೇರಿಸಿ ವೇಗ ಹೆಚ್ಚಿಸಿಕೊಂಡು ಬಂತು.

ಆ ಬರುವಿಕೆ ಎಷ್ಟು ಸಲ ನೋಡಿದರೂ ಎದೆ ಬಿಗಿಯುತ್ತದೆ. ನಮ್ಮ ಗಂಗಾವಳಿ ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಇದು ಗೊತ್ತು. ಎರಡು ದೋಣಿ ಜೊತೆಯಾಗಿ ಹೋದರೆ ನಡುವಿನ ನೀರು ಅವಸರದಲ್ಲಿ ಓಡುತ್ತದೆ, ಓಡುವ ನೀರಿನ ಒತ್ತಡ ಕಡಿಮೆಯಾಗುತ್ತದೆ, ದೋಣಿಗಳು ಒಂದನ್ನೊಂದು ಸೆಳೆಯುತ್ತವೆ. ಹಡಗಿನ ಮುಂಭಾಗ ತಳ್ಳುತ್ತದೆ, ಹೊಟ್ಟೆ ಎಳೆಯುತ್ತದೆ. ಫ್ರಿಗೇಟ್ ನಮ್ಮ ಹಿಂಬದಿ ದಾಟುವಾಗ ಒಂದು ಕಡೆಗೆ, ಪಕ್ಕಕ್ಕೆ ಬಂದ ಮೇಲೆ ಇನ್ನೊಂದು ಕಡೆಗೆ ವಾಲಲು ನೋಡುತ್ತದೆ. ಅದರ ಚುಕ್ಕಾಣಿ ಹಿಡಿದವನು ಅರ್ಧ ಡಿಗ್ರಿಯ ಲೆಕ್ಕದಲ್ಲಿ ತಿದ್ದುತ್ತಿರಬೇಕು. ಅದು ನಮ್ಮ ಪಕ್ಕಕ್ಕೆ ಬಂದು ವೇಗ ಇಳಿಸಿದಾಗ ನಡುವೆ ಇದ್ದದ್ದು ಸುಮಾರು 45 ಮೀಟರ್. ನಮ್ಮೂರ ಶಾಲೆಯ ಮೈದಾನವೂ ಅದಕ್ಕಿಂತ ಅಗಲ.

ಸೀಟಿ ಊದಿತು, ಆ ಕಡೆಯಿಂದ ಉತ್ತರದ ಸೀಟಿ ಬಂತು. ಬಂದೂಕಿನಿಂದ ಹಾರಿದ ಕಿತ್ತಳೆ ಬಣ್ಣದ ಸಣ್ಣ ದಾರ ಫ್ರಿಗೇಟಿನ ಡೆಕ್ಕಿನ ಮೇಲೆ ಬಿತ್ತು. ಕಿರುಬೆರಳಿಗಿಂತ ಸಣ್ಣ ಆ ದಾರಕ್ಕೆ ದಪ್ಪ ಹಗ್ಗ, ಆ ಹಗ್ಗಕ್ಕೆ ಇನ್ನೂ ದಪ್ಪ ಹಗ್ಗ, ಕೊನೆಗೆ ಉಕ್ಕಿನ ತಂತಿ. ಒಂದರ ಬಾಲ ಹಿಡಿದು ಇನ್ನೊಂದು ದಾಟುತ್ತದೆ. ತಂತಿಯನ್ನು ಆ ಕಡೆ ಕೊಕ್ಕೆಗೆ ಸಿಕ್ಕಿಸಿ ಬಿಗಿದ ಮೇಲೆ ಎಣ್ಣೆಯ ಹೋಸ್ ಅದಕ್ಕೆ ನೇತುಬಿದ್ದು ಹಾವಿನಂತೆ ತೂಗುತ್ತ ಸಾಗಿತು. ಅದರ ಮೂತಿ ಆ ಹಡಗಿನ ಬಾಯಿಗೆ ಕೂತು 'ಟಕ್' ಎಂದು ಕಚ್ಚಿಕೊಂಡಿತು. ಎರಡೂ ಹಡಗಿನಲ್ಲಿ ಕೆಂಪು ಬ್ರಾವೋ ಬಾವುಟ ಏರಿತು. ಈಗ ಬೀಡಿ, ಬೆಂಕಿಪೊಟ್ಟಣ ಎಲ್ಲ ಬಂದ್.

ಇದರ ಜೊತೆಗೇ ಇನ್ನೊಂದು ಹಗ್ಗ ದಾಟಿರುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು, ಅಂತರ ತೋರಿಸುವ ಹಗ್ಗ. ಪ್ರತಿ 20 ಅಡಿಗೆ ಒಂದು ಬಣ್ಣದ ಬಟ್ಟೆ: ಹಸಿರು, ಕೆಂಪು, ಹಳದಿ, ನೀಲಿ, ಬಿಳಿ, ಮತ್ತೆ ಹಸಿರು. ಎಣ್ಣೆ ತೆಗೆದುಕೊಳ್ಳುವ ಹಡಗಿನ ಮುಂಭಾಗದಲ್ಲಿ ಮೂರ್ನಾಲ್ಕು ಜನ ಅದನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತಾರೆ. ಅವರ ಕೈ ಹತ್ತಿರ ಯಾವ ಬಣ್ಣವಿದೆ ಎಂದು ಮೇಲಿನಿಂದ ಕ್ಯಾಪ್ಟನ್ ನೋಡುತ್ತಾನೆ. ಆ ಹಗ್ಗವನ್ನು ಅವರು ಎಲ್ಲಿಗೂ ಕಟ್ಟುವಂತಿಲ್ಲ. ಕೈ ಸೋತರೆ ಬೇರೊಬ್ಬ ಹಿಡಿಯಬೇಕೇ ಹೊರತು ಕಂಬಕ್ಕೆ ಸುತ್ತಬಾರದು.

ಪಂಪು ಶುರುವಾದೊಡನೆ ಆ ಹಡಗಿನವರು ಗಾಜಿನ ಬಾಟಲಿಗೆ ಸ್ವಲ್ಪ ಎಣ್ಣೆ ಹಿಡಿದು ಬೆಳಕಿಗೆ ಎತ್ತಿದರು. ತಿಳಿಯಾಗಿದೆಯೇ, ತಳದಲ್ಲಿ ನೀರಿನ ಹನಿ ಇದೆಯೇ ಎಂದು ನೋಡಿ ಹೆಬ್ಬೆರಳು ತೋರಿಸಿದರು. ಎರಡು ಗಂಟೆ ಎಣ್ಣೆ ಹರಿಯಿತು. ಕೊನೆಗೆ ಹೋಸಿನಲ್ಲಿ ಉಳಿದದ್ದನ್ನು ಗಾಳಿಯಿಂದ ಊದಿ ಖಾಲಿ ಮಾಡಿ, ಬಂದ ದಾರಿಯಲ್ಲೇ ಒಂದೊಂದಾಗಿ ಎಲ್ಲವನ್ನೂ ಎಳೆದುಕೊಂಡೆವು. ಫ್ರಿಗೇಟ್ ವೇಗ ಹೆಚ್ಚಿಸಿ ನಿಧಾನಕ್ಕೆ ಹೊರಗೆ ಸರಿಯಿತು.

ಈ ವಿದ್ಯೆಗೆ ನೂರು ವರ್ಷ ತುಂಬಿದೆ. 1917ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ ಅಮೆರಿಕದ 'ಮಾಮೀ' ಎಂಬ ಟ್ಯಾಂಕರ್ ಡಿಸ್ಟ್ರಾಯರ್ ಎಂಬ ಆರು ಯುದ್ಧಹಡಗುಗಳಿಗೆ ಹೀಗೆ ಓಡುತ್ತಲೇ ಎಣ್ಣೆ ಕೊಟ್ಟಿತು. ಅದರಲ್ಲಿ ಎಂಜಿನಿಯರ್ ಆಗಿದ್ದ ಚೆಸ್ಟರ್ ನಿಮಿಟ್ಜ್ ಮುಂದೆ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನ ಇಡೀ ನೌಕಾದಂಡನ್ನು ನಡೆಸಿದ. ಟ್ಯಾಂಕರಿನ ಡೆಕ್ಕಿನಲ್ಲಿ ಎಣ್ಣೆ ಮೆತ್ತಿಕೊಂಡು ಕಲಿತವನಿಗೆ ಸಾಗರದ ಅಗಲ ಸರಿಯಾಗಿ ತಿಳಿದಿತ್ತು ಎಂದು ನಾನು ನಂಬುತ್ತೇನೆ.

ನಾಲ್ಕನೇ ದಿನ

ಮುಂಗಾರು ಇನ್ನೂ ಬಂದಿರಲಿಲ್ಲ, ಆದರೆ ದಕ್ಷಿಣದಿಂದ ಉದ್ದನೆಯ ಅಲೆ ಶುರುವಾಗಿತ್ತು. ಎರಡನೇ ಹಡಗಿಗೆ ರಾತ್ರಿ ಎಣ್ಣೆ ಕೊಡುವುದೆಂದು ನಿಗದಿಯಾಗಿತ್ತು. ರಾತ್ರಿ ಡೆಕ್ಕಿನಲ್ಲಿ ಬಿಳಿ ದೀಪ ಇಲ್ಲ, ಮಂದ ಕೆಂಪು ದೀಪ ಮಾತ್ರ. ಕಂಬದ ಮೇಲೆ ಕೆಂಪು, ಬಿಳಿ, ಕೆಂಪು. ಅಂತರದ ಹಗ್ಗದಲ್ಲಿ ಬಟ್ಟೆಯ ಬದಲು ಸಣ್ಣ ದೀಪಗಳು.

ಮುಕ್ಕಾಲು ಗಂಟೆ ಎಲ್ಲ ಸರಿಯಿತ್ತು. ಆಮೇಲೆ ಆ ದೀಪಗಳ ಸಾಲು ಜೋಲು ಬೀಳತೊಡಗಿತು. ಹಗ್ಗ ಹಿಡಿದವರು ಅವಸರದಲ್ಲಿ ಒಳಗೆಳೆದುಕೊಳ್ಳುತ್ತಿದ್ದುದು ಕಂಡಿತು. ಅಂದರೆ ಹಡಗು ಒಳಗೆ ಬರುತ್ತಿದೆ. ನಮ್ಮ ನಡುವಿನ ನೀರು ಕಪ್ಪಗೆ ಕುದಿಯುತ್ತ ಡೆಕ್ಕಿನ ಅಂಚಿಗೆ ನೊರೆ ಎರಚಿತು. ಎದುರಿನವರ ಮುಖ ಗುರುತು ಹಿಡಿಯುವಷ್ಟು ಹತ್ತಿರವಾಯಿತು. ಅವರ ಚುಕ್ಕಾಣಿ ಒಂದು ಕ್ಷಣ ಮಾತು ಕೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಐದು ಗಿಡ್ಡ ಕೂಗು. ಹಡಗಿನ ಸೈರನ್ ಹಾಗೆ ಕೂಗಿತೆಂದರೆ ಎಲ್ಲ ಬಿಟ್ಟು ಬೇರಾಗಬೇಕು. ಪಂಪು ನಿಂತಿತು. ಆ ಕಡೆಯವನು ಹೋಸಿನ ಮೂತಿ ಬಿಡಿಸಿದ. ನಮ್ಮ ಹುಡುಗರು ಹೋಸನ್ನು ಎಳೆದುಕೊಂಡರು, ಹಗ್ಗ ಸುತ್ತುವ ಯಂತ್ರ, ವಿಂಚ್, ತಂತಿಯನ್ನು ಸಡಿಲಿಸಿತು, ಅವರು ಕೊಕ್ಕೆಗೆ ಸುತ್ತಿಗೆಯಿಂದ ಹೊಡೆದರು. ತಂತಿ ಸಮುದ್ರಕ್ಕೆ ಬಿತ್ತು. ಅಂತರದ ಹಗ್ಗ ಹಿಡಿದಿದ್ದವರು ಕೈ ಬಿಟ್ಟರು, ಅಷ್ಟೇ. ಅದು ಹಾಗೇ ನೀರಿಗೆ ಜಾರಿತು. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಯಾರ ಕೈಯನ್ನೂ ಎಳೆದೊಯ್ಯಲಿಲ್ಲ. ಆ ಹಡಗು ಕಪ್ಪು ಗೋಡೆಯಂತೆ ನಮ್ಮ ಪಕ್ಕದಿಂದ ದೂರ ಸರಿಯಿತು.

ಇಷ್ಟೆಲ್ಲ ಆಗಲು ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಡೆಕ್ಕಿನ ಮೇಲೆ ಚೆಲ್ಲಿದ ಎಣ್ಣೆ ಒಂದು ಬಕೆಟ್ ಆಗುವಷ್ಟು. ನಾನು ತಲೆ ಎಣಿಸಿದೆ. ಮತ್ತೆ ಎಣಿಸಿದೆ. ಎಲ್ಲರೂ ಇದ್ದರು. ಮೊದಲ ಬಾರಿ ರಾತ್ರಿಯ ರಾಸ್‌ಗೆ ನಿಂತಿದ್ದ ಆ ಹೊಸ ಹುಡುಗ ತಾನು ಹಿಡಿದಿದ್ದ ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ, ಅವನ ಬೆರಳನ್ನು ಒಂದೊಂದಾಗಿ ನಾನೇ ಬಿಡಿಸಬೇಕಾಯಿತು. ಎರಡು ಗಂಟೆ ಬಿಟ್ಟು, ಚುಕ್ಕಾಣಿ ಪರೀಕ್ಷಿಸಿಕೊಂಡು ಆ ಹಡಗು ಮತ್ತೆ ಬಂತು. ಮತ್ತೆ ಎಣ್ಣೆ ಕೊಟ್ಟೆವು. ಆ ಹುಡುಗ ಮತ್ತೆ ಅದೇ ಜಾಗದಲ್ಲಿ ನಿಂತ.

ಐದನೇ ದಿನ

ಏಡನ್ ಕೊಲ್ಲಿ. ವ್ಯಾಪಾರಿ ಹಡಗುಗಳಿಗಾಗಿ ಗುರುತಿಸಿದ ದಾರಿ 490 ನಾಟಿಕಲ್ ಮೈಲಿ ಉದ್ದ. ಅದರ ಪೂರ್ವದ ತುದಿಯಲ್ಲಿ ಕುಮಟೆಯವನ ಫ್ರಿಗೇಟ್ ಕಾಣಿಸಿತು. ವಾರಗಟ್ಟಲೆ ಉಪ್ಪುನೀರು ತಿಂದು ಅದರ ಬಣ್ಣದ ಮೇಲೆ ತುಕ್ಕಿನ ಗೆರೆಗಳು ಇಳಿದಿದ್ದವು.

ಬಟಾಟೆಯ ಸ್ಟೋರಿನ ಬಾಗಿಲು ತೆಗೆದೊಡನೆ ಪರಿಮಳ ಮುಖಕ್ಕೆ ಬಡಿಯಿತು. ಆಯಿಯ ಲೆಕ್ಕ ತಪ್ಪಿರಲಿಲ್ಲ. ನಲವತ್ತರಲ್ಲಿ ಮೂರು ಕೆಟ್ಟಿದ್ದವು, ಅವನ್ನು ತೆಗೆದು ಉಳಿದವಕ್ಕೆ ಹೊಸ ಹುಲ್ಲು ಹಾಸಿದೆ. ಕಮಾಂಡರ್ ಸಾಹೇಬರ ಅನುಮತಿ ಮೊದಲೇ ಕೇಳಿದ್ದೆ.

ಎಣ್ಣೆ ಹೋಸಿನಲ್ಲಿ ಹೋಗುತ್ತಿದ್ದಂತೆ ಅಂಚೆ, ಔಷಧಿಯಂಥ ಹಗುರ ಸಾಮಾನಿಗೆ ಬೇರೆ ಹಗ್ಗ ಹಾಕಿದೆವು. ಅದನ್ನು ಬಿಗಿಯುವುದು ವಿಂಚ್ ಅಲ್ಲ, ಮನುಷ್ಯರು. ಇಪ್ಪತ್ತೈದು ಜನ ಡೆಕ್ಕಿನ ಉದ್ದಕ್ಕೆ ಹಗ್ಗ ಹಿಡಿದು ನಿಲ್ಲಬೇಕು. ಹಡಗುಗಳು ಹತ್ತಿರ ವಾಲಿದರೆ ಹಿಂದಕ್ಕೆ ಎಳೆಯಬೇಕು, ದೂರ ವಾಲಿದರೆ ಮುಂದಕ್ಕೆ ಬಿಡಬೇಕು. ಹಗ್ಗ ಜೋಲಿದರೆ ಸಾಮಾನು ನೀರಿಗೆ, ಅತಿಯಾಗಿ ಬಿಗಿದರೆ ಹಗ್ಗ ತುಂಡು.

ನಾನು ಚಿಕ್ಕವನಿದ್ದಾಗ ನಮ್ಮ ಕಡಲತಡಿಯಲ್ಲಿ ರಂಪಣಿ ಬಲೆ ಎಳೆಯುತ್ತಿದ್ದರು. ಎರಡು ತುದಿಯಲ್ಲೂ ಹತ್ತಾರು ಜನ, ಹೆಂಗಸರು ಮಕ್ಕಳೂ ಸೇರಿ, ಒಂದೇ ಲಯಕ್ಕೆ ಹೆಜ್ಜೆ ಹಿಂದಿಡುತ್ತ. ಅಪ್ಪ ನನ್ನನ್ನು ತನ್ನ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದ. "ಬಲ ಹಾಕ್ಬೇಡ ಮಗಾ, ಅಲೆ ಕೊಟ್ಟಾಗ ತಗೋ, ಎಳೆದಾಗ ಬಿಡು" ಎನ್ನುತ್ತಿದ್ದ. ದೊಡ್ಡ ಬಲೆಯ ಯಂತ್ರದೋಣಿಗಳು, ಪರ್ಸೀನ್ ದೋಣಿಗಳು, ಬಂದ ಮೇಲೆ ರಂಪಣಿ ಕಡಲತಡಿಯಿಂದ ಹೋಯಿತು. ಆದರೆ ಆ ದಿನ ಏಡನ್ ಕೊಲ್ಲಿಯಲ್ಲಿ ಪಂಜಾಬಿನ, ಬಿಹಾರದ, ಕೇರಳದ, ಒಡಿಶಾದ ಇಪ್ಪತ್ತೈದು ಹುಡುಗರಿಗೆ ನಾನು ಕೂಗಿ ಹೇಳುತ್ತಿದ್ದದ್ದು ಅಪ್ಪನ ಮಾತನ್ನೇ, ಹಿಂದಿಯಲ್ಲಿ.

ಮೊದಲು ಅಂಚೆಯ ಚೀಲ ಹೋಯಿತು. ಆಮೇಲೆ ಔಷಧಿ. ಮೂರನೆಯದಾಗಿ ಮರದ ಪೆಟ್ಟಿಗೆ. 45 ಮೀಟರ್ ನೀರಿನ ಮೇಲೆ ಅದು ತೂಗುತ್ತ ಹೋಯಿತು. ನಡುವೆ ಒಮ್ಮೆ ಅಲೆಯ ತುದಿ ಎದ್ದು ಅದರ ತಳ ನೆಕ್ಕಿತು. ಹುಡುಗರು ಮೂರು ಹೆಜ್ಜೆ ಹಿಂದೆ ಬಂದರು, ಪೆಟ್ಟಿಗೆ ಮೇಲೆದ್ದಿತು.

ಕುಮಟೆಯವನು ಎಲ್ಲಿದ್ದಾನೆಂದು ಆಗಲೇ ನೋಡಿದ್ದೆ. ಫ್ರಿಗೇಟಿನ ಮುಂಭಾಗದಲ್ಲಿ, ಅಂತರದ ಹಗ್ಗದ ಮೊದಲ ಕೈ ಅವನದು. ಹಗ್ಗ ಹಿಡಿದವನು ಕೈ ಬೀಸುವಂತಿಲ್ಲ. ಅವನು ಬೀಸಲಿಲ್ಲ. ಪೆಟ್ಟಿಗೆ ಅವರ ಡೆಕ್ಕಿಗೆ ಇಳಿದಾಗ ಒಂದು ಸಲ ತಲೆ ತಿರುಗಿಸಿ ನೋಡಿದ, ಮತ್ತೆ ಹಗ್ಗದ ಬಣ್ಣಗಳ ಕಡೆಗೆ ಕಣ್ಣು ನೆಟ್ಟ. ನಾನು ಕಲಿಸಿದ್ದು ಅವನ ಮೈಯಲ್ಲಿತ್ತು.

ಆರನೇ ದಿನ

ಭಾರದ ಪಡಿತರವನ್ನು ಚೇತಕ್ ಹೆಲಿಕಾಪ್ಟರ್ ಬಲೆಯಲ್ಲಿ ಕಟ್ಟಿ ಒಯ್ದಿತು. ಹಾರುವ ಹೆಲಿಕಾಪ್ಟರಿನ ಮೈಯಲ್ಲಿ ವಿದ್ಯುತ್ ಕೂಡಿಕೊಂಡಿರುತ್ತದೆ, ಕೆಳಗಿಳಿದ ಅದರ ಕೊಕ್ಕೆಯನ್ನು ಬರಿಗೈಯಲ್ಲಿ ಮುಟ್ಟಿದವನನ್ನು ಎತ್ತಿ ಎಸೆಯುತ್ತದೆ. ಮೊದಲು ಲೋಹದ ಕೋಲು ತಾಗಿಸಿ ಅದನ್ನು ಇಳಿಸಬೇಕು. ಹನ್ನೊಂದು ಸಲ ಬಂದು ಹೋಯಿತು. ಬಿಸಿಲು ಬಹಳ ಇತ್ತು. ಡೈರಿಯಲ್ಲಿ ಇಷ್ಟೇ ಬರೆದಿದ್ದೇನೆ.

ಏಳನೇ ದಿನ

ಒಮಾನಿನ ಸಲಾಲಾ. ಮರುಭೂಮಿಯ ದೇಶ ಎಂದುಕೊಂಡವನಿಗೆ ಅಲ್ಲಿ ಮೊದಲು ಕಾಣುವುದು ತೆಂಗು, ಬಾಳೆ. ರಸ್ತೆಯ ಪಕ್ಕದ ಅಂಗಡಿಗಳಲ್ಲಿ ಎಳನೀರು ಪೇರಿಸಿಟ್ಟಿರುತ್ತಾರೆ. ನಮ್ಮ ಮುಂಗಾರೇ ಜೂನ್ ಕೊನೆಗೆ ಅಲ್ಲಿನ ಗುಡ್ಡಗಳಿಗೂ ತಾಗಿ ಹಸಿರು ಹೊದಿಸುತ್ತದೆ.

ಧಕ್ಕೆಯಲ್ಲಿ ಹಗ್ಗ ಕಟ್ಟುತ್ತಿದ್ದಂತೆ ಸಿಗ್ನಲ್‌ಮನ್ ಒಂದು ಚೀಟಿ ತಂದುಕೊಟ್ಟ. ರಾತ್ರಿ ಫ್ರಿಗೇಟಿನಿಂದ ದೀಪದ ಸಂಕೇತದಲ್ಲಿ ಬಂದದ್ದಂತೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಓದಲಾರದೆ ಅವನು ಅಕ್ಷರ ಅಕ್ಷರ ಬರೆದುಕೊಂಡಿದ್ದ. 'ಅಣ್ಣ, 37 ಹಣ್ಣು. ಮೆಸ್ಸಿನಲ್ಲಿ ಎಲ್ಲರಿಗೂ ಒಂದೊಂದು ಹೋಳು ಬಂತು. ಆಯಿಗೆ ಹೇಳಿ.'

ಚೀಟಿಯನ್ನು ಜೇಬಿಗಿಟ್ಟು ಕೆಳಗಿಳಿದೆ. ಧಕ್ಕೆಯ ತುದಿಗೆ ನಡೆದು ಹಡಗಿನ ಮುಂಭಾಗದ ಅಂಕೆ ನೋಡಿದೆ. ಮುಂಬಯಿಯಲ್ಲಿ ಮುಳುಗಿದ್ದ ಕೆಂಪು ಪಟ್ಟಿ ನನ್ನ ಮೊಳಕ್ಕಿಂತ ಎತ್ತರಕ್ಕೆ ಎದ್ದಿತ್ತು, ಅದರ ಮೇಲೆ ಪಾಚಿಯ ಎಳೆ ಬಿಸಿಲಿಗೆ ಒಣಗುತ್ತಿತ್ತು. ಹೊಸ ಹುಡುಗ ಬಂದು ಪಕ್ಕದಲ್ಲಿ ನಿಂತ. ಅವನ ಅಂಗೈಯ ಗುಳ್ಳೆಗಳು ಒಡೆದಿದ್ದವು. "ಎಷ್ಟು ಕೊಟ್ಟೆವು ಚೀಫ್?" ಎಂದು ಕೇಳಿದ. ನಾನು ಪಟ್ಟಿಯ ಕಡೆಗೆ ಕೈ ತೋರಿಸಿದೆ. ಅವನು ಬಗ್ಗಿ, ಅಂಕೆಗಳನ್ನು ಒಂದೊಂದಾಗಿ ಓದಿದ.